ಹೆಸರು ಸೀಸೆಯ ಮೇಲಿರಲಿ, ಬೋರ್ಡಿನ ಮೇಲಲ್ಲ

ಮಕ್ಕಳೇ, ಈ ಸಲ ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತಪ್ಪು ನನ್ನದು, ಬೈಸಿಕೊಂಡದ್ದು ಹತ್ತನೇ ತರಗತಿಯ ಒಬ್ಬಳು ಹುಡುಗಿ. ಅದಕ್ಕೇ ಇದನ್ನು ಬರೆಯದೆ ಇರಲಿಕ್ಕೆ ಆಗಲಿಲ್ಲ.

ನಮ್ಮ ಶಾಲೆ ಕಾಸರಗೋಡಿನ ಕಡೆ. ಹಳೆಯ ಕಟ್ಟಡಕ್ಕೆ ಹಂಚಿನ ಮಾಡು. ಆಮೇಲೆ ಕಟ್ಟಿದ್ದು ಎರಡು ಅಂತಸ್ತಿನ ತಾರಸಿ ಕಟ್ಟಡ. ಜಾಗ ಸಾಲದೆ ಕೊನೆಗೆ ಎಬ್ಬಿಸಿದ ಕೋಣೆಗೆ ತಗಡಿನ ಶೀಟು. ಮಾರ್ಚ್ ತಿಂಗಳಲ್ಲಿ ಆ ಶೀಟಿನ ಕೋಣೆಯಲ್ಲಿ ಮಧ್ಯಾಹ್ನದ ಮೇಲೆ ಪಾಠ ಕೇಳುವುದು ಎಂತ ಕಷ್ಟ ಎಂದು ಅಲ್ಲಿ ಕೂತವರಿಗೇ ಗೊತ್ತು. ಪಿಟಿಎಗೆ ಒಂದು ಅರ್ಜಿ ಕೊಡುವ, ಆದರೆ ಬರೀ ಬಾಯಿಮಾತಲ್ಲ, ಅಳತೆ ಹಾಕಿ ತೋರಿಸುವ ಎಂದು ವಿಜ್ಞಾನ ಕ್ಲಬ್ಬಿನ ಮಕ್ಕಳು ಹೊರಟರು. ಹಂಚಿನ ಕೋಣೆ, ತಾರಸಿಯ ಕೆಳಗಿನ ಕೋಣೆ, ಮೇಲಿನ ಕೋಣೆ, ಶೀಟಿನ ಕೋಣೆ: ನಾಲ್ಕು ಕಡೆ ಒಂದೊಂದು ಸಣ್ಣ ರಾಸ್ಪ್‌ಬೆರಿ ಪೈ ಕಂಪ್ಯೂಟರು, ಅದಕ್ಕೆ ಡಿಎಸ್18ಬಿ20 ಎಂಬ ತಾಪಮಾಪಕ. ಲ್ಯಾಬಿನ ಒಂದು ಕಂಪ್ಯೂಟರು ಐದು ನಿಮಿಷಕ್ಕೊಮ್ಮೆ ನಾಲ್ಕನ್ನೂ ಕೇಳಿ ಉತ್ತರ ಬರೆದಿಡಬೇಕು. ತಂತಿ ಜೋಡಿಸಿದ್ದು ಆ ಹುಡುಗಿ. ಲ್ಯಾಬಿನ ಪ್ರೋಗ್ರಾಂ ಬರೆದದ್ದು ನಾನು.

ಒಂದು ವಾರದ ಲೆಕ್ಕ ತೆಗೆದು ನೋಡಿದರೆ ನಾಲ್ಕರಲ್ಲಿ ಅತಿ ತಂಪು ಶೀಟಿನ ಕೋಣೆ! ಹಂಚಿನದ್ದು ಅತಿ ಬಿಸಿ. ಹುಡುಗಿ ಹೇಳಿದಳು, "ಸರ್, ಇದು ಸರಿ ಇಲ್ಲ. ನಾವು ಅಲ್ಲೇ ಕೂತುಕೊಳ್ಳುವುದಲ್ಲವಾ?" ನಾನು ದೊಡ್ಡ ಮನುಷ್ಯನ ಹಾಗೆ, "ಮೈಗೆ ಅನಿಸಿದ್ದು ಅಳತೆ ಅಲ್ಲ, ವಿಜ್ಞಾನದಲ್ಲಿ ಸಂಖ್ಯೆ ಹೇಳಿದ್ದನ್ನು ಒಪ್ಪಬೇಕು. ನೀನು ವಯರ್ ಸರಿ ಕೊಟ್ಟಿದ್ದೀಯಾ ಮೊದಲು ನೋಡು" ಎಂದೆ. ಅವಳು ಎರಡು ಸಲ ಬಿಚ್ಚಿ ಜೋಡಿಸಿದಳು. ವಯರಿನಲ್ಲಿ ಏನೂ ತಪ್ಪಿರಲಿಲ್ಲ.

ನನ್ನ ಪ್ರೋಗ್ರಾಮಿನಲ್ಲಿ ಮೇಲ್ಗಡೆ ಒಂದು ಗ್ಲೋಬಲ್ ವೇರಿಯೆಬಲ್ ಇತ್ತು: ಈಗಿನ_ಕೋಣೆ. (ಪೈಥಾನ್ 3ರಲ್ಲಿ ವೇರಿಯೆಬಲಿಗೆ ಕನ್ನಡದಲ್ಲೇ ಹೆಸರು ಇಡಬಹುದು. ಇಟ್ಟು ನೋಡಿ, ನಡೆಯುತ್ತದೆ.) ಆ ವೇರಿಯೆಬಲಿಗೆ ಕೋಣೆಯ ಹೆಸರು ಹಾಕುವುದು, ಆ ಕೋಣೆಗೆ ಕನೆಕ್ಷನ್ ಶುರು ಮಾಡುವುದು, ಅರ್ಧ ಸೆಕೆಂಡ್ ಬಿಟ್ಟು ಮುಂದಿನ ಕೋಣೆಗೆ ಹೋಗುವುದು. ಉತ್ತರ ಬಂದಾಗ ಓಡುವ ಫಂಕ್ಷನ್ ಈಗಿನ_ಕೋಣೆ ಏನೆಂದು ನೋಡಿ ಆ ಹೆಸರಿನ ಫೈಲಿಗೆ ಬರೆಯುವುದು. ಓದುವಾಗ ಎಲ್ಲಾ ಸರಿ ಇದ್ದ ಹಾಗೆಯೇ ಕಾಣುತ್ತದೆ ಅಲ್ಲವಾ?

ಈಗ ರಕ್ತ ಪರೀಕ್ಷೆಯ ಲ್ಯಾಬನ್ನು ನೆನಪು ಮಾಡಿಕೊಳ್ಳಿ. ರಕ್ತ ತೆಗೆದ ಕೂಡಲೇ ಸೀಸೆಗೆ ಹೆಸರಿನ ಚೀಟಿ ಅಂಟಿಸುತ್ತಾರೆ. ಅದರ ಬದಲು ಗೋಡೆಯ ಬೋರ್ಡಿನಲ್ಲಿ "ಈಗ ಕೂತವರು: ಇಂಥವರು" ಎಂದು ಬರೆದು, ಒಬ್ಬೊಬ್ಬರು ಬಂದ ಹಾಗೆ ಒರೆಸಿ ಒರೆಸಿ ಬರೆದರೆ? ಒಳಗೆ ಪರೀಕ್ಷೆ ಮುಗಿಸಿದವನು ರಿಪೋರ್ಟು ಬರೆಯುವಾಗ ಹೊರಗೆ ಬಂದು ಬೋರ್ಡು ನೋಡುತ್ತಾನೆ. ಅಷ್ಟು ಹೊತ್ತಿಗೆ ಅಲ್ಲಿರುವುದು ಬೇರೆಯವರ ಹೆಸರು. ಅಜ್ಜನ ಸಕ್ಕರೆ ಕಾಯಿಲೆ ಮೊಮ್ಮಗನ ತಲೆಗೆ. ನನ್ನ ಈಗಿನ_ಕೋಣೆ ಅಂಥದ್ದೇ ಬೋರ್ಡು.

ನೀವು ಐಸಿಟಿ ಪಾಠದಲ್ಲಿ ಬರೆಯುವ ಪ್ರೋಗ್ರಾಮುಗಳು ಹೆಚ್ಚಾಗಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತವೆ. ಒಂದು ಕೆಲಸ ಮುಗಿದ ಮೇಲೆ ಇನ್ನೊಂದು. ಅಲ್ಲಿ ಬೋರ್ಡಿನ ಮೇಲೆ ಬರೆದರೂ ತೊಂದರೆ ಇಲ್ಲ, ಒರೆಸುವ ಮೊದಲು ಕೆಲಸ ಮುಗಿದಿರುತ್ತದೆ. ಆದರೆ ನೆಟ್‌ವರ್ಕಿನ ಕೆಲಸದಲ್ಲಿ ಹೆಚ್ಚಿನ ಸಮಯ ಬರೀ ಕಾಯುವುದರಲ್ಲೇ ಹೋಗುತ್ತದೆ. ಹಾಗೆ ಸುಮ್ಮನೆ ಕಾಯುವುದು ಬೇಡವೆಂದು ಹುಟ್ಟಿದ ಕ್ರಮ ಇವೆಂಟ್ ಆಧರಿಸಿದ ಪ್ರೋಗ್ರಾಮಿಂಗ್. ಪೈಥಾನಿನಲ್ಲಿ ಇದಕ್ಕೆ ಮೊದಲಿನಿಂದ ಹೆಸರಾದದ್ದು ಟ್ವಿಸ್ಟೆಡ್ ಎಂಬ ಲೈಬ್ರರಿ. 2014ರಲ್ಲಿ ಬಂದ ಪೈಥಾನ್ 3.4ರಿಂದ ಅಸಿಂಕ್‌ಐಒ ಎಂಬುದು ಭಾಷೆಯ ಜೊತೆಗೇ ಬರುತ್ತದೆ. ಎರಡರಲ್ಲೂ ನಡುವೆ ಒಂದು ಇವೆಂಟ್ ಲೂಪು ತಿರುಗುತ್ತಾ ಇರುತ್ತದೆ. (ಟ್ವಿಸ್ಟೆಡ್‌ನವರು ಅದನ್ನು ರಿಯಾಕ್ಟರ್ ಎನ್ನುತ್ತಾರೆ.) ನೀವು ಹೇಳುವುದು ಇಷ್ಟೇ: ಕನೆಕ್ಷನ್ ಆದಾಗ ಇದನ್ನು ಮಾಡು, ಡೇಟಾ ಬಂದಾಗ ಇದನ್ನು ಮಾಡು, ಕನೆಕ್ಷನ್ ಕಡಿದಾಗ ಇದನ್ನು ಮಾಡು. ಯಾವಾಗ ಕರೆಯಬೇಕು ಎಂಬುದು ಲೂಪಿಗೆ ಬಿಟ್ಟದ್ದು. ಅಂದರೆ ಸರದಿ ನಿಮ್ಮ ಕೈಯಲ್ಲಿಲ್ಲ. ಬರೆದ ಸಾಲಿನ ಕ್ರಮ ಬೇರೆ, ಓಡುವ ಕ್ರಮ ಬೇರೆ.

ನಮ್ಮ ಶೀಟಿನ ಕೋಣೆ ಅಂಗಳದ ಆಚೆ ಕೊನೆಯಲ್ಲಿ, ವೈಫೈ ಅಲ್ಲಿಗೆ ಮುಟ್ಟಿದರೆ ಮುಟ್ಟಿತು. ಬೆಳಿಗ್ಗೆ ಯಾರೂ ನೆಟ್ ಉಪಯೋಗಿಸದ ಹೊತ್ತಿನಲ್ಲಿ ಅದರ ಉತ್ತರ ಅರ್ಧ ಸೆಕೆಂಡಿನ ಒಳಗೆ ಬಂದು ಸರಿಯಾದ ಫೈಲಿಗೇ ಸೇರುತ್ತಿತ್ತು. ಮಧ್ಯಾಹ್ನ ಲ್ಯಾಬಿನಲ್ಲಿ ಕ್ಲಾಸು ನಡೆಯುವಾಗ ಉತ್ತರ ತಡ, ಅಷ್ಟರಲ್ಲಿ ಬೋರ್ಡಿನಲ್ಲಿ ಹಂಚಿನ ಕೋಣೆಯ ಹೆಸರು ಬಂದಿರುತ್ತಿತ್ತು. ಹೀಗೆ ಶೀಟಿನ ಬಿಸಿಯೆಲ್ಲ ಹಂಚಿನ ಖಾತೆಗೆ ಜಮೆ, ಶೀಟಿನ ಫೈಲಿನಲ್ಲಿ ಉಳಿದದ್ದು ಬೆಳಗಿನ ತಂಪು ಮಾತ್ರ. ಎಲ್ಲವೂ ತಪ್ಪಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅರ್ಧ ಸರಿ ಇದ್ದದ್ದಕ್ಕೇ ಒಂದು ವಾರ ಮೋಸ ಹೋದೆವು.

ಇದರಲ್ಲಿ ನಗು ಬರುವ ಸಂಗತಿ ಇನ್ನೊಂದುಂಟು. ಡಿಎಸ್18ಬಿ20ರ ಪ್ರತಿಯೊಂದು ಬಿಡಿಯೊಳಗೂ ತಯಾರಿಸುವಾಗಲೇ 64 ಬಿಟ್ಟಿನ ಒಂದು ಗುರುತು ಸಂಖ್ಯೆ ಬರೆದಿರುತ್ತದೆ. ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದಾದ ಆ ವಸ್ತುವಿಗೆ ತಾನು ಯಾರೆಂದು ಗೊತ್ತುಂಟು. ಬಿಎಸ್ಸಿ ಬಿಎಡ್ ಮಾಡಿದವನ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ.

ಸರಿ ಮಾಡುವುದು ಹೇಗೆ? ಪ್ರತಿ ಕನೆಕ್ಷನಿಗೂ ಅದರದ್ದೇ ಒಂದು ಆಬ್ಜೆಕ್ಟ್ ಬೇಕು, ಅದು ಹುಟ್ಟುವಾಗಲೇ ಅದರ ಕೈಗೆ ಅದರ ಹೆಸರು ಕೊಡಬೇಕು. ಅಸಿಂಕ್‌ಐಒದಲ್ಲಿ ಇಂಥ ಆಬ್ಜೆಕ್ಟಿಗೆ ಪ್ರೋಟೊಕಾಲ್ ಎಂದು ಹೆಸರು. ನಾನು ಕೋಣೆ ಎಂಬ ಕ್ಲಾಸು ಬರೆದು, ಹುಟ್ಟುವಾಗ ಹೆಸರು ಕೇಳಿ ಪಡೆದು ತನ್ನಲ್ಲೇ ಇಟ್ಟುಕೊಳ್ಳುವ ಹಾಗೆ ಮಾಡಿದೆ. ಆಮೇಲೆ ಡೇಟಾ ಯಾವಾಗ ಬೇಕಾದರೂ ಬರಲಿ, ಸೀಸೆಗೆ ಚೀಟಿ ಅಂಟಿರುತ್ತದೆ.

ಇಲ್ಲಿ ನೀವು ಎಡವುವ ಜಾಗ ಒಂದುಂಟು. ಕನೆಕ್ಷನ್ ಮಾಡಿಸುವ ಫಂಕ್ಷನ್ನಿಗೆ ಕೋಣೆ(ಹೆಸರು) ಎಂದು ತಯಾರಾದ ಆಬ್ಜೆಕ್ಟನ್ನೇ ಕೊಟ್ಟರೆ ಅದು ಒಪ್ಪುವುದಿಲ್ಲ, ಇದನ್ನು ಕರೆಯಲಿಕ್ಕೆ ಆಗುವುದಿಲ್ಲ ಎಂದು ದೂರು ಹೇಳುತ್ತದೆ. ಅದಕ್ಕೆ ಬೇಕಾದದ್ದು ಆಬ್ಜೆಕ್ಟನ್ನು ಮಾಡಿಕೊಡುವ ಒಂದು ಫಂಕ್ಷನ್, ಅವರ ಮಾತಿನಲ್ಲಿ ಫ್ಯಾಕ್ಟರಿ. ಕಾರಣವಿಷ್ಟೇ: ಆಚೆ ಕಡೆಯವರು ಸಿಕ್ಕಿದ ಮೇಲೆ ತಾನೇ ಆಬ್ಜೆಕ್ಟ್ ಬೇಕಾಗುವುದು? ಕಡಿದು ಪುನಃ ಜೋಡಿಸಿದರೆ ಹೊಸತೊಂದು ಬೇಕು. ಮೊದಲು ಆಬ್ಜೆಕ್ಟ್ ಹುಟ್ಟಲಿ, ಆಮೇಲೆ ಹೆಸರಿಡುವ ಎಂದು ಕೆಲವರು ಬರೆಯುತ್ತಾರೆ. ಮನೆಯಲ್ಲಿ ಮಗುವಿಗೆ ಹಾಗೆ ನಡೆದೀತು. ಇಲ್ಲಿ ಆಬ್ಜೆಕ್ಟ್ ನಿಮ್ಮ ಕೈಗೆ ಬರುವ ಹೊತ್ತಿಗೆ "ಕನೆಕ್ಷನ್ ಮೇಡ್" ಎಂಬ ಇವೆಂಟು ಆಗಲೇ ಮುಗಿದು ಹೋಗಿರುತ್ತದೆ.

ನಾನು ಇಷ್ಟು ತಿಳಿದ ಮೇಲೂ ಎರಡನೇ ಸಲ ಬಿದ್ದೆ. ಫಾರ್ ಲೂಪಿನ ಒಳಗೆ ಲ್ಯಾಂಬ್ಡಾ: ಕೋಣೆ(ಹೆಸರು) ಎಂದು ಬರೆದೆ. ನಡುವಿನ ಅರ್ಧ ಸೆಕೆಂಡನ್ನು ತೆಗೆದು ನಾಲ್ಕನ್ನೂ ಒಟ್ಟಿಗೆ ಬಿಟ್ಟೆ. ನಾಲ್ಕೂ ಕೋಣೆಯ ತಾಪ ಪಟ್ಟಿಯ ಕೊನೆಯ ಹೆಸರಿಗೇ ಹೋಯಿತು! ಲ್ಯಾಂಬ್ಡಾ ಬರೆದ ಕ್ಷಣದ ಹೆಸರನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ, ಓಡುವಾಗ ಹೆಸರು ಎಂಬ ವೇರಿಯೆಬಲಿನಲ್ಲಿ ಏನಿದೆಯೋ ಅದನ್ನು ನೋಡುತ್ತದೆ. ಅದು ಓಡುವುದು ಕನೆಕ್ಷನ್ ಆದ ಮೇಲೆ, ಅಷ್ಟರಲ್ಲಿ ಲೂಪು ಕೊನೆ ಮುಟ್ಟಿರುತ್ತದೆ. ಅಂದರೆ ಬೋರ್ಡನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟ ಹಾಗೆ ಆಯಿತು, ಚೀಟಿ ಅಂಟಿಸಿದ ಹಾಗೆ ಆಗಲಿಲ್ಲ. ಲ್ಯಾಂಬ್ಡಾ ಹೆಸರು=ಹೆಸರು: ಕೋಣೆ(ಹೆಸರು) ಎಂದು ಬರೆದರೆ ಆ ಕ್ಷಣದ ಹೆಸರು ಅಲ್ಲೇ ಅಂಟಿಕೊಳ್ಳುತ್ತದೆ. ನನಗೆ ಅದಕ್ಕಿಂತ ಇಷ್ಟ ಫಂಕ್‌ಟೂಲ್ಸ್‌ನಲ್ಲಿರುವ ಪಾರ್ಶಿಯಲ್: ಪಾರ್ಶಿಯಲ್(ಕೋಣೆ, ಹೆಸರು). ಮುಂದೆ ಕರೆದಾಗ ಕೊಡಬೇಕಾದ್ದನ್ನು ಈಗಲೇ ಕಟ್ಟಿ ಇಡು ಎಂದು ನೇರವಾಗಿ ಹೇಳುತ್ತದೆ. (ಲ್ಯಾಂಬ್ಡಾ, ಪಾರ್ಶಿಯಲ್ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಕೋಣೆ ಮತ್ತು ಹೆಸರು ಕನ್ನಡದಲ್ಲಿರಬಹುದು.)

ಹೆಸರು ಒಂದೇ ಅಲ್ಲ. ಟಿಸಿಪಿಯಲ್ಲಿ ಡೇಟಾ ನೀರಿನ ಹಾಗೆ ಹರಿದು ಬರುತ್ತದೆ, ಕಳಿಸಿದ ಸಾಲು ಹಾಗೆಯೇ ಒಂದೇ ತುಂಡಾಗಿ ಬರಬೇಕೆಂದಿಲ್ಲ. 36.25 ಎಂದು ಕಳಿಸಿದರೆ ಮೊದಲು 36. ಬಂದು, ಸ್ವಲ್ಪ ಹೊತ್ತಿನ ಮೇಲೆ 25 ಬರಬಹುದು. ಅರ್ಧ ಬಂದದ್ದನ್ನು ಎಲ್ಲಾದರೂ ಇಟ್ಟು ಕಾಯಬೇಕಲ್ಲ? ನಾಲ್ಕು ಕೋಣೆಗೂ ಒಂದೇ ಡಬ್ಬಿ ಇಟ್ಟರೆ ಶೀಟಿನ ತಲೆಗೆ ಹಂಚಿನ ಬಾಲ ಅಂಟಿ, ಯಾವ ಕೋಣೆಯಲ್ಲೂ ಇಲ್ಲದ ತಾಪ ಹುಟ್ಟುತ್ತದೆ. ಆ ಡಬ್ಬಿಯೂ ಆಯಾ ಆಬ್ಜೆಕ್ಟಿನೊಳಗೇ ಇರಬೇಕು.

ಹಾಗಾದರೆ ಎಲ್ಲರಿಗೂ ಸೇರಿದ್ದು ಎಂಬುದು ಇಲ್ಲವೇ ಇಲ್ಲವಾ? ಉಂಟು. ನಾಲ್ಕು ಉತ್ತರವೂ ಬಂತಾ ಎಂದು ಎಣಿಸುವ ಲೆಕ್ಕ, ಎಲ್ಲರ ತಾಪ ಸೇರಿಸಿದ ಪಟ್ಟಿ, ಇವು ಯಾವ ಒಂದು ಕನೆಕ್ಷನಿನದ್ದೂ ಅಲ್ಲ. ಇದರಲ್ಲಿ ಟ್ವಿಸ್ಟೆಡ್‌ನವರ ಏರ್ಪಾಡು ನನಗೆ ಚಂದ ಕಾಣುತ್ತದೆ. ಅಲ್ಲಿ ಫ್ಯಾಕ್ಟರಿಯೂ ಒಂದು ಆಬ್ಜೆಕ್ಟ್, ಅದು ಹುಟ್ಟಿಸಿದ ಪ್ರತಿ ಪ್ರೋಟೊಕಾಲಿಗೂ ತನ್ನ ಫ್ಯಾಕ್ಟರಿ ಯಾವುದೆಂದು ಗೊತ್ತಿರುತ್ತದೆ. ಕನೆಕ್ಷನ್ ಕಡಿದರೆ ಪ್ರೋಟೊಕಾಲ್ ಹೋಗುತ್ತದೆ, ಫ್ಯಾಕ್ಟರಿ ಉಳಿಯುತ್ತದೆ. ಉಳಿಯಬೇಕಾದ್ದನ್ನು ಅಲ್ಲಿ ಇಡಿ, ಆ ಒಂದು ಕನೆಕ್ಷನಿನದ್ದನ್ನು ಪ್ರೋಟೊಕಾಲಿನಲ್ಲಿ ಇಡಿ. ಮನೆಯ ಅಕ್ಕಿ ಡಬ್ಬಿ ಎಲ್ಲರದ್ದು, ಹಲ್ಲುಜ್ಜುವ ಬ್ರಷ್ ಅವರವರದ್ದು.

ಈ ವಿಷಯ ಹೈಸ್ಕೂಲಿನ ಮಕ್ಕಳಿಗೆ ಹೆಚ್ಚಾಯಿತು, ಗ್ಲೋಬಲ್ ಇಟ್ಟು ಔಟ್‌ಪುಟ್ ಬಂದರೆ ಸಾಕು, ಕ್ಲಾಸು ಆಬ್ಜೆಕ್ಟು ಕಾಲೇಜಿಗೆ ಹೋದ ಮೇಲೆ ಕಲಿಯಲಿ ಎಂದು ನನ್ನ ಜೊತೆಯ ಅಧ್ಯಾಪಕರೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಔಟ್‌ಪುಟ್ ಬಂದಿತ್ತಲ್ಲ ನಮಗೂ, ಒಂದು ವಾರ ಪೂರ್ತಿ! ನೆಟ್‌ವರ್ಕಿನ ಮೊದಲ ಪ್ರೋಗ್ರಾಂ ಬರೆಯುವ ದಿನವೇ ಚೀಟಿ ಅಂಟಿಸುವ ಅಭ್ಯಾಸ ಆಗಬೇಕು. ಬೋರ್ಡಿನ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ ಬಿಡುವುದು ಕಷ್ಟ, ನನ್ನನ್ನೇ ನೋಡಿ. ಕೇರಳದ ನಮ್ಮ ಮಕ್ಕಳು ಐಸಿಟಿ ಪುಸ್ತಕದಲ್ಲಿ ಪೈಥಾನನ್ನು ಕನ್ನಡದಲ್ಲೇ ಓದುತ್ತಾರೆ. ಸೀಸೆಗೆ ಚೀಟಿ ಯಾಕೆ ಎಂದು ತಾಳವಾಡಿಯ ಮಗುವಿಗೂ ಅಕ್ಕಲಕೋಟೆಯ ಮಗುವಿಗೂ ಒಂದೇ ಮಾತಿನಲ್ಲಿ ಹೇಳಬಹುದು.

ನಿಮ್ಮ ಪ್ರೋಗ್ರಾಂ ಸರಿ ಇದೆಯಾ ಎಂದು ನೋಡಲು ಹೀಗೆ ಮಾಡಿ. ಉತ್ತರ ಕೊಡುವ ಕಂಪ್ಯೂಟರುಗಳಲ್ಲಿ ಒಂದು ಬೇಕೆಂದೇ ಮೂರು ಸೆಕೆಂಡ್ ತಡ ಮಾಡಿ ಉತ್ತರಿಸಲಿ. ತಾಪದ ಬದಲು ಪ್ರತಿಯೊಂದೂ ತನ್ನ ಹೆಸರನ್ನೇ ಕಳಿಸಲಿ. ಫೈಲಿನ ಹೆಸರೂ ಒಳಗೆ ಬರೆದ ಹೆಸರೂ ಒಂದೇ ಇದೆಯಾ ನೋಡಿ. ತಡ ಮಾಡುವ ಕಂಪ್ಯೂಟರನ್ನು ಬದಲಾಯಿಸಿ ಪುನಃ ನೋಡಿ. ಈ ಪರೀಕ್ಷೆಯನ್ನು ಯೋಚಿಸಿದ್ದು ನಾನಲ್ಲ, ಆ ಹುಡುಗಿ. "ವಯರ್ ತಪ್ಪಾದರೆ ಇಡೀ ದಿನ ತಪ್ಪಬೇಕು ಸರ್, ಬೆಳಿಗ್ಗೆ ಮಾತ್ರ ಹೇಗೆ ಸರಿ ಇರುತ್ತದೆ?" ಎಂದು ಫೈಲು ತೆರೆದು ಸಮಯ ನೋಡಿದವಳೂ ಅವಳೇ.

ಅವಳ ಹತ್ತಿರ ಕ್ಲಾಸಿನ ಎದುರೇ ತಪ್ಪು ಒಪ್ಪಿಕೊಂಡೆ. ಪುನಃ ಒಂದು ವಾರ ಅಳೆದೆವು. ಮಧ್ಯಾಹ್ನ ಶೀಟಿನ ಕೋಣೆಯೇ ಅತಿ ಬಿಸಿ, ಹಂಚಿನ ಕೋಣೆಗಿಂತ ನಾಲ್ಕು ಡಿಗ್ರಿಗೂ ಮೇಲೆ. ಈ ತಾಪಮಾಪಕ ಅರ್ಧ ಡಿಗ್ರಿ ಅತ್ತಿತ್ತ ಹೇಳಬಹುದು, ಆದರೂ ನಾಲ್ಕು ಡಿಗ್ರಿ ಹಾಗೆ ಬರುವುದಿಲ್ಲ ಎಂದು ಅರ್ಜಿಯಲ್ಲಿ ಬರೆದದ್ದೂ ಮಕ್ಕಳೇ. ಪಿಟಿಎಯವರು ಸದ್ಯಕ್ಕೆ ಶೀಟಿನ ಮೇಲೆ ತೆಂಗಿನ ಮಡಲು ಹಾಸಿಸಿದ್ದಾರೆ. ತಾಪಮಾಪಕ ಅಲ್ಲೇ ಉಂಟು, ಮಡಲಿನಿಂದ ಎಷ್ಟು ಇಳಿಯಿತು ಎಂದು ಈಗ ಅವರು ಬರೆದಿಡುತ್ತಿದ್ದಾರೆ.