ಹುಲ್ಲು ಕತ್ತರಿಸುವ ಯಂತ್ರ: ದುರಸ್ತಿ ಬಿಲ್‌ನಲ್ಲಿ ಎಥೆನಾಲ್ ಪಾಲೆಷ್ಟು?

ಬೆಂಗಳೂರು: ಮುಂಗಾರು ಕಾಲಿಟ್ಟು ಎರಡು–ಮೂರು ವಾರ ಕಳೆಯುವಷ್ಟರಲ್ಲಿ ಮಲೆನಾಡು ಮತ್ತು ಕರಾವಳಿಯ ಪೇಟೆಗಳಲ್ಲಿ ಸಣ್ಣ ಎಂಜಿನ್ ದುರಸ್ತಿ ಅಂಗಡಿಗಳ ಮುಂದೆ ಕಳೆ ಕತ್ತರಿಸುವ ಯಂತ್ರಗಳು ಸಾಲುಗಟ್ಟುತ್ತವೆ. ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿ ಅಪಾರ್ಟ್‌ಮೆಂಟ್, ಶಾಲಾ ಮೈದಾನ, ಕಾರ್ಖಾನೆ ಆವರಣಗಳ ಹುಲ್ಲುಹಾಸು ನೋಡಿಕೊಳ್ಳುವ ಗುತ್ತಿಗೆದಾರರ ಪಾಡೂ ಇದೇ. ಬೇಸಿಗೆಯುದ್ದಕ್ಕೂ ಮೂಲೆಯಲ್ಲಿ ಮಲಗಿದ್ದ ಯಂತ್ರ ಬೇಕಾದ ದಿನವೇ ಚಾಲೂ ಆಗುವುದಿಲ್ಲ. ಹಗ್ಗ ಎಳೆದು ಎಳೆದು ತೋಳು ಸೋತ ಮೇಲೆ ಅಂಗಡಿಯ ದಾರಿ ಹಿಡಿಯಬೇಕು. ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು: ‘ಕಾರ್ಬುರೇಟರ್ ಕಟ್ಟಿಕೊಂಡಿದೆ’.

ಈ ಒಂದು ಮಾತಿನ ಬೆಲೆ ಎಷ್ಟು ಎಂಬುದು ಯಂತ್ರದ ಜಾತಿಯನ್ನು ಅವಲಂಬಿಸಿದೆ. ಕಾರ್ಬುರೇಟರ್ ಬಿಚ್ಚಿ, ತೊಳೆದು, ಮರಳಿ ಕೂಡಿಸಲು ಕೆಲವು ನೂರು ರೂಪಾಯಿ ಮಜೂರಿ. ಸ್ಪಾರ್ಕ್ ಪ್ಲಗ್‌ಗೆ ನೂರು–ಇನ್ನೂರು. ಡಯಾಫ್ರಂ, ಇಂಧನದ ಕೊಳವೆ ಹಾಗೂ ಟ್ಯಾಂಕಿನೊಳಗಿನ ಫಿಲ್ಟರ್ ಬದಲಿಸಿದರೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಗೆ ಮುಗಿದರೆ ಗ್ರಾಹಕ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಪಾರಾಗುತ್ತಾನೆ. ಕಾರ್ಬುರೇಟರನ್ನೇ ಬದಲಿಸಬೇಕಾಗಿ ಬಂದರೆ ಚೀನಾ ಮಾದರಿಯದು ಸಾವಿರದೊಳಗೆ ಸಿಗುತ್ತದೆ. ಹೆಸರಾಂತ ಕಂಪನಿಯ ಅಸಲಿ ಭಾಗಕ್ಕೆ ಅದರ ಹಲವು ಪಟ್ಟು ತೆರಬೇಕು. ಇನ್ನು ಪಿಸ್ಟನ್ ಹಿಡಿದುಕೊಂಡು ಸಿಲಿಂಡರ್ ಗೀರಿದ್ದರೆ ಲೆಕ್ಕವೇ ಬದಲಾಗುತ್ತದೆ. ಎಂಟು–ಹತ್ತು ಸಾವಿರ ರೂಪಾಯಿಯ ಅಗ್ಗದ ಯಂತ್ರವಾದರೆ ‘ಹೊಸದೇ ತೆಗೆದುಕೊಳ್ಳಿ’ ಎಂಬ ಸಲಹೆ ಬರುತ್ತದೆ. ಮೂವತ್ತು ಸಾವಿರದ ಯಂತ್ರವಾದರೆ ಬಿಡಿಭಾಗ ಬರುವವರೆಗೆ ಕಾಯಬೇಕು.

ಕಾಯುವ ದಿನಗಳಿಗೆ ಬಿಲ್‌ನಲ್ಲಿ ಜಾಗವಿಲ್ಲ. ಆದರೆ ನಿಜವಾದ ನಷ್ಟ ಇರುವುದು ಅಲ್ಲಿಯೇ. ಜುಲೈ–ಆಗಸ್ಟ್‌ನಲ್ಲಿ ಮಳೆ ಹೊಳವು ಕೊಡುವ ನಾಲ್ಕಾರು ದಿನಗಳಲ್ಲೇ ಅಡಿಕೆ ತೋಟದ ಕಳೆ ತೆಗೆಯಬೇಕು. ಯಂತ್ರವನ್ನು ಹೆಗಲಿಗೇರಿಸಿಕೊಂಡು ಗಂಟೆಯ ಲೆಕ್ಕದಲ್ಲಿ ತೋಟದಿಂದ ತೋಟಕ್ಕೆ ಹೋಗುವ ಕಾರ್ಮಿಕನಿಗೆ ಆ ವಾರವೇ ವರ್ಷದ ದುಡಿಮೆ. ಯಂತ್ರ ಅಂಗಡಿಯಲ್ಲಿ ಕೂತರೆ ಆತನ ಕೈ ಬರಿದಾಗುತ್ತದೆ. ತೋಟದ ಮಾಲೀಕ ಕಳೆನಾಶಕದ ಡಬ್ಬಿ ಹುಡುಕುತ್ತಾನೆ.

ಹೀಗಿರುವಾಗ ಅಂಗಡಿಯವನನ್ನು ದೂರುವುದು ಸುಲಭ. ದುಬಾರಿ ವಸೂಲಿ ಮಾಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ ಎಂಬುದೂ ಸುಳ್ಳಲ್ಲ. ಆದರೆ ಈ ಬಿಲ್‌ನ ಒಂದು ಭಾಗ ಅಂಗಡಿಯಲ್ಲಿ ಅಲ್ಲ, ದೆಹಲಿಯಲ್ಲಿ ತಯಾರಾಗುತ್ತಿದೆ ಎಂಬುದು ಗಮನಿಸಬೇಕಾದ ಸಂಗತಿ.

ಬಂಕ್‌ನಿಂದ ಕಾರ್ಬುರೇಟರ್‌ವರೆಗೆ

ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ನಿಗದಿ ಮಾಡಲಾಗಿತ್ತು. ನಂತರ ಅದನ್ನು 2025ಕ್ಕೆ ಹಿಂದಕ್ಕೆ ತರಲಾಯಿತು. 2022ರ ಜೂನ್‌ನಲ್ಲಿ ಶೇ 10ರ ಮಿಶ್ರಣ ಸಾಧಿಸಿದ ದೇಶ, ಮೂರೇ ವರ್ಷಗಳಲ್ಲಿ ಅದನ್ನು ದುಪ್ಪಟ್ಟು ಮಾಡಿತು. ಇ20 ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ನರೇಂದ್ರ ಮೋದಿ 2023ರ ಫೆಬ್ರುವರಿ 6ರಂದು ಚಾಲನೆ ನೀಡಿದ್ದು ಬೆಂಗಳೂರಿನಲ್ಲಿಯೇ. 2025ರ ಹೊತ್ತಿಗೆ ಸಾಮಾನ್ಯ ಪೆಟ್ರೋಲ್ ಎಂದರೆ ಇ20 ಎಂಬಂತಾಯಿತು.

ಎಥೆನಾಲ್ ಕೆಟ್ಟ ಇಂಧನ ಎಂದೇನೂ ಅಲ್ಲ. ಅದಕ್ಕಾಗಿಯೇ ರೂಪಿಸಿದ ಎಂಜಿನ್‌ನಲ್ಲಿ ಅದು ಚೆನ್ನಾಗಿಯೇ ಉರಿಯುತ್ತದೆ. ಬ್ರೆಜಿಲ್ ದಶಕಗಳಿಂದ ಇದನ್ನು ಮಾಡುತ್ತಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಮಿಶ್ರಣ ಶೇ 30ಕ್ಕೇರಿತು. ತೊಡಕಿರುವುದು ಎಂಜಿನ್‌ ಒಂದು ಬಗೆಯದಾಗಿ, ಇಂಧನ ಇನ್ನೊಂದು ಬಗೆಯದಾದಾಗ. ಸಣ್ಣ ಎಂಜಿನ್ ತಯಾರಿಸುವ ಜಾಗತಿಕ ಕಂಪನಿಗಳ ಬಹುತೇಕ ಕೈಪಿಡಿಗಳು ಎಥೆನಾಲ್ ಪ್ರಮಾಣ ಶೇ 10 ಮೀರಬಾರದು ಎಂದೇ ಹೇಳುತ್ತವೆ.

ಕಾರಣ ಸರಳ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಕಾರಿನಲ್ಲಿ ಇಂಧನ ವಾರದೊಳಗೆ ಖರ್ಚಾಗುವುದರಿಂದ ಅದು ದೊಡ್ಡ ಸಮಸ್ಯೆಯಲ್ಲ. ಹುಲ್ಲು ಕತ್ತರಿಸುವ ಯಂತ್ರದ ಪುಟ್ಟ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ತಿಂಗಳುಗಟ್ಟಲೆ ಉಳಿಯುತ್ತದೆ. ಅದೂ ಆಗುಂಬೆ, ಕಾರ್ಕಳದಂತಹ ಒದ್ದೆ ಹವೆಯಲ್ಲಿ. ನೀರಿನ ಅಂಶ ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಂದಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನೊಳಗಿನ ಕೊಳವೆ ಇಂಧನ ಹೀರುವುದೂ ತಳದಿಂದಲೇ. ಆ ದ್ರವ ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳನ್ನು ತಿನ್ನುತ್ತದೆ, ರಬ್ಬರ್ ಡಯಾಫ್ರಂ ಊದಿಕೊಂಡು ಗಡುಸಾಗುತ್ತದೆ, ಕೂದಲೆಳೆಯಷ್ಟು ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ.

ಟೂ ಸ್ಟ್ರೋಕ್ ಎಂಜಿನ್‌ನ ಅಪಾಯ ಇನ್ನೂ ಹೆಚ್ಚಿನದು. ಅಲ್ಲಿ ಪಿಸ್ಟನ್‌ಗೆ ಬೇಕಾದ ಆಯಿಲ್ ಪೆಟ್ರೋಲ್‌ನಲ್ಲಿಯೇ ಬೆರೆತಿರುತ್ತದೆ. ಇಂಧನ ಎರಡು ಪದರಗಳಾದಾಗ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲಿ ಉಳಿಯುತ್ತದೆ. ಎಂಜಿನ್ ಸೇರುವುದು ಆಯಿಲ್ ಇಲ್ಲದ ತಳದ ದ್ರವ. ಜೊತೆಗೆ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹೊಸ ಕಾರುಗಳ ಕಂಪ್ಯೂಟರ್ ಇದನ್ನು ಗ್ರಹಿಸಿ ಇಂಧನದ ಪ್ರಮಾಣ ಹೊಂದಿಸಿಕೊಳ್ಳುತ್ತದೆ. ಹೆಗಲ ಮೇಲಿನ ಯಂತ್ರದ ಕಾರ್ಬುರೇಟರ್‌ಗೆ ಅಂತಹ ಬುದ್ಧಿ ಇಲ್ಲ. ಗಾಳಿ ಹೆಚ್ಚು, ಇಂಧನ ಕಡಿಮೆ ಎಂಬ ಸ್ಥಿತಿಯಲ್ಲಿಯೇ ಓಡಿ ಎಂಜಿನ್ ಕಾಯುತ್ತದೆ. ಸಾವಿರ ರೂಪಾಯಿಯಲ್ಲಿ ಮುಗಿಯಬೇಕಾದ ದುರಸ್ತಿ ಪಿಸ್ಟನ್ ಬದಲಿಸುವ ಹಂತಕ್ಕೆ ಹೋಗುವುದು ಹೀಗೆ.

ಎಲ್ಲ ಕೆಡುಕಿಗೂ ಎಥೆನಾಲ್ ಕಾರಣ ಎನ್ನುವುದು ಅತಿಯಾದೀತು. ಅಳತೆ ತಪ್ಪಿದ ಆಯಿಲ್, ತೊಳೆಯದ ಏರ್ ಫಿಲ್ಟರ್, ಅಗ್ಗದ ಬಿಡಿಭಾಗ, ಹಳೆಯ ಪೆಟ್ರೋಲ್ ಇವೆಲ್ಲವೂ ಇ20ಕ್ಕಿಂತ ಮುಂಚಿನಿಂದಲೂ ಯಂತ್ರಗಳನ್ನು ಅಂಗಡಿಗೆ ಕಳುಹಿಸುತ್ತಲೇ ಇದ್ದವು. ಆದರೆ ಮೊದಲು ಕ್ಷಮಿಸಬಹುದಾಗಿದ್ದ ಅಲಕ್ಷ್ಯವನ್ನು ಹೊಸ ಇಂಧನ ಕ್ಷಮಿಸುವುದಿಲ್ಲ ಎಂಬುದಂತೂ ನಿಜ.

ಕಿಲೋಮೀಟರ್ ಇಲ್ಲದ ಎಂಜಿನ್

ಇ20 ಕುರಿತು 2025ರ ಆಗಸ್ಟ್‌ನಲ್ಲಿ ದೇಶದಾದ್ಯಂತ ವಿವಾದ ಎದ್ದಾಗ ಪೆಟ್ರೋಲಿಯಂ ಸಚಿವಾಲಯ ಸುದೀರ್ಘ ಸ್ಪಷ್ಟನೆ ನೀಡಿತು. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದಕ್ಕೆ ತಗಲುವ ವೆಚ್ಚ ಅಲ್ಪ, ನಿತ್ಯದ ಸರ್ವಿಸ್ ವೇಳೆಯೇ ಇದನ್ನು ಮಾಡಿಸಬಹುದು ಎಂದು ಅದು ಹೇಳಿತು. ವಾರಂಟಿಗೆ ಧಕ್ಕೆ ಇಲ್ಲ ಎಂಬ ಭರವಸೆ ವಾಹನ ತಯಾರಕರ ಒಕ್ಕೂಟದಿಂದ ಬಂತು. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇಂಧನ ದಕ್ಷತೆ ಎಷ್ಟು ಕುಗ್ಗಬಹುದು ಎಂದು ಲೆಕ್ಕ ಹಾಕಿರುವುದೂ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ಮುಂದಿಟ್ಟುಕೊಂಡೇ.

ಹುಲ್ಲು ಕತ್ತರಿಸುವ ಯಂತ್ರ ಕಿಲೋಮೀಟರ್ ಓಡುವುದಿಲ್ಲ. ಅದಕ್ಕೆ ನೋಂದಣಿ ಸಂಖ್ಯೆ ಇಲ್ಲ, ಆರ್‌ಟಿಒ ದಾಖಲೆ ಇಲ್ಲ, ನಿತ್ಯದ ಸರ್ವಿಸ್ ಎಂಬ ಪದ್ಧತಿಯೂ ಇಲ್ಲ. ಹೀಗಾಗಿ ರಾಜ್ಯದಲ್ಲಿ ಇಂತಹ ಎಷ್ಟು ಎಂಜಿನ್‌ಗಳಿವೆ, ಅವುಗಳಲ್ಲಿ ಇ20ಕ್ಕೆ ಒಗ್ಗುವವು ಎಷ್ಟು ಎಂಬುದನ್ನು ವಾಹನಗಳಂತೆ ಎಣಿಸುವ ದಾರಿಯೇ ಇಲ್ಲ. ಮರ ಕೊಯ್ಯುವ ಯಂತ್ರ, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್, ಸಣ್ಣ ಪೆಟ್ರೋಲ್ ಪಂಪ್‌ಸೆಟ್, ಅಂಗಡಿಗಳ ಜನರೇಟರ್ ಕೂಡ ಇದೇ ಗುಂಪಿಗೆ ಸೇರುತ್ತವೆ. ಎಣಿಕೆಗೆ ಸಿಗದ್ದು ಚರ್ಚೆಗೂ ಬರುವುದಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ರೀತಿ ಇತ್ಯರ್ಥವಾಯಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2010 ಮತ್ತು 2011ರಲ್ಲಿ ಶೇ 15ರ ಮಿಶ್ರಣಕ್ಕೆ ಒಪ್ಪಿಗೆ ನೀಡಿದ್ದು 2001 ಹಾಗೂ ಅನಂತರದ ಕಾರು ಮತ್ತು ಲಘು ವಾಹನಗಳಿಗೆ ಮಾತ್ರ. ಮೋಟಾರ್ ಸೈಕಲ್, ದೋಣಿ ಹಾಗೂ ಹುಲ್ಲು ಕತ್ತರಿಸುವ ಯಂತ್ರಗಳಿಗೆ ಅದನ್ನು ಹಾಕುವಂತಿಲ್ಲ. ಇದನ್ನು ಸಾರುವ ಕಿತ್ತಳೆ ಬಣ್ಣದ ಚೀಟಿಯನ್ನು ಪಂಪ್‌ನ ಮೇಲೆ ಅಂಟಿಸುವುದು ಕಡ್ಡಾಯ. ಶೇ 10ರ ಪೆಟ್ರೋಲ್ ಅಲ್ಲಿ ಸಾಮಾನ್ಯವಾಗಿ ದೊರೆಯುವುದರಿಂದ ಗ್ರಾಹಕನಿಗೆ ಆಯ್ಕೆಯೂ ಇದೆ.

ಭಾರತದಲ್ಲಿ ಆಯ್ಕೆಯ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಎಥೆನಾಲ್ ರಹಿತ ಪೆಟ್ರೋಲ್ ಕೂಡ ಬಂಕ್‌ಗಳಲ್ಲಿ ಲಭ್ಯವಾಗಬೇಕು ಎಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಸದ್ಯ ಎಥೆನಾಲ್ ಬೆರೆಸದ್ದು ಎಂದು ಹೆಸರಾಗಿರುವುದು 100 ಆಕ್ಟೇನ್‌ನ ದುಬಾರಿ ಪೆಟ್ರೋಲ್. ಅದು ಸಿಗುವುದು ಆಯ್ದ ಬಂಕ್‌ಗಳಲ್ಲಿ. ದರ ಸಾಮಾನ್ಯ ಪೆಟ್ರೋಲ್‌ಗಿಂತ ಬಹಳ ಹೆಚ್ಚು. ಬೆಂಗಳೂರಿನ ಅಪಾರ್ಟ್‌ಮೆಂಟ್‌ನ ಮಾಲಿ ಒಂದೆರಡು ಲೀಟರ್ ತಂದಿಟ್ಟುಕೊಳ್ಳಬಹುದು. ತೀರ್ಥಹಳ್ಳಿಯ ಬೆಳೆಗಾರನಿಗೆ ಅದು ದೂರದ ಮಾತು.

ಕೊಳ್ಳಲು ನೆರವು, ದುರಸ್ತಿಗೆ ತೆರಿಗೆ

ದುರಸ್ತಿ ಬಿಲ್‌ನ ಇನ್ನೊಂದು ಪಾಲು ತೆರಿಗೆಯದು. ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಕೈಗೊಂಡ ದರ ಪರಿಷ್ಕರಣೆಯಲ್ಲಿ, ಹುಲ್ಲು ಕತ್ತರಿಸುವ ಯಂತ್ರಗಳೂ ಸೇರಿರುವ ಕಟಾವು ಯಂತ್ರಗಳ ವರ್ಗದ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದೇ ಪರಿಷ್ಕರಣೆಯಲ್ಲಿ ಪೆಟ್ರೋಲ್ ಎಂಜಿನ್‌ನ ಬಿಡಿಭಾಗ ಮತ್ತು ಸ್ಪಾರ್ಕ್ ಪ್ಲಗ್ ತೆರಿಗೆ ಶೇ 28ರಿಂದ ಶೇ 18ಕ್ಕೆ ಬಂತು. ಇಳಿಕೆಯಾದದ್ದು ಸ್ವಾಗತಾರ್ಹವೇ. ಆದರೂ ಹೊಸ ಯಂತ್ರಕ್ಕೆ ಶೇ 5, ಹಳೆಯದನ್ನು ಉಳಿಸಿಕೊಳ್ಳಲು ಬೇಕಾದ ಭಾಗಕ್ಕೆ ಶೇ 18 ಎಂಬ ಅಂತರ ಉಳಿದಿದೆ. ನೋಂದಾಯಿತ ಅಂಗಡಿಯಾದರೆ ದುರಸ್ತಿ ಸೇವೆಯ ಮೇಲೂ ಶೇ 18. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯೊಳಗಿರುವ ಸಣ್ಣ ಅಂಗಡಿಗಳು ಮಜೂರಿಯ ಮೇಲೆ ತೆರಿಗೆ ಹಾಕುವಂತಿಲ್ಲ, ನಿಜ. ಆದರೆ ಅವರು ತರಿಸಿಕೊಳ್ಳುವ ಬಿಡಿಭಾಗದ ಬೆಲೆಯಲ್ಲಿ ತೆರಿಗೆ ಮೊದಲೇ ಸೇರಿರುತ್ತದೆ.

ಸಹಾಯಧನದ ಕಥೆಯೂ ಭಿನ್ನವಲ್ಲ. ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆಯಡಿ ಸಾಮಾನ್ಯ ವರ್ಗದ ರೈತರಿಗೆ ಶೇ 50ರಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ನೆರವು ದೊರೆಯುತ್ತದೆ. ಅದೆಲ್ಲವೂ ಖರೀದಿಗೆ. ಒಂದೆರಡು ಮಳೆಗಾಲದ ನಂತರ ಯಂತ್ರ ನಿಂತರೆ ಮುಂದಿನ ಖರ್ಚು ರೈತನದೇ. ಸಹಾಯಧನದಲ್ಲಿ ಬಂದ ಯಂತ್ರಗಳು ಕೊಟ್ಟಿಗೆಯ ಅಟ್ಟ ಸೇರುವುದಕ್ಕೆ ಇದೂ ಒಂದು ಕಾರಣ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತ ಸಮಿತಿ ರಚಿಸಿದಾಗ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಮೊದಲನೆಯದಾಗಿ ಕೇಳಿಬಂದದ್ದೇ ಕೃಷಿ ಉಪಕರಣ. ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ಜಾಲತಾಣವೂ ಆರಂಭವಾಯಿತು. ಆದರೆ ವಸ್ತುವೊಂದನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದು ಎಂದು ಅಂಕ ನೀಡುವ ಸೂಚ್ಯಂಕದ ಬಗ್ಗೆ 2025ರ ಮೇ ತಿಂಗಳಲ್ಲಿ ಸಲ್ಲಿಕೆಯಾದ ವರದಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ವಲಯಕ್ಕೆ ಸಂಬಂಧಿಸಿದ್ದು. ಮೂರು ವರ್ಷಗಳಲ್ಲಿ ರೈತನ ಯಂತ್ರ ಹಿಂದೆ ಸರಿದು ನಗರವಾಸಿಯ ಮೊಬೈಲ್ ಮುಂದೆ ಬಂದಿದೆ.

ರಾಜ್ಯ ಸರ್ಕಾರಕ್ಕೆ ಇಲ್ಲಿ ಧರ್ಮಸಂಕಟವೂ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಬ್ಬು ಬೆಳೆಗಾರರಿಗೆ ಎಥೆನಾಲ್ ಎಂದರೆ ಕಾರ್ಖಾನೆಯಿಂದ ಬಾಕಿ ಹಣ ಬೇಗ ಬರುವ ಆಸೆ. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಹೋರಾಟ ನಡೆದಾಗ, ಕರ್ನಾಟಕದಿಂದ ಎಥೆನಾಲ್ ಖರೀದಿ ಪ್ರಮಾಣ ಹೆಚ್ಚಿಸಬೇಕೆಂದು ರಾಜ್ಯ ಸರ್ಕಾರವೇ ಕೇಂದ್ರವನ್ನು ಒತ್ತಾಯಿಸಿತ್ತು. ಆ ಬೇಡಿಕೆಯಲ್ಲಿ ನ್ಯಾಯವಿದೆ. ಆದರೆ ಉತ್ತರದ ಕಬ್ಬಿಗೆ ಬೆಲೆ ಕೊಡುವ ಅದೇ ಇಂಧನ ಮಲೆನಾಡಿನ ಅಡಿಕೆ ತೋಟದಲ್ಲಿ ದುರಸ್ತಿ ಬಿಲ್ ಆಗಿ ಇಳಿಯುತ್ತಿದೆ ಎಂಬುದನ್ನು ಹೇಳಲು ಮಲೆನಾಡಿನ ಯಾವ ಪಕ್ಷದ ಜನಪ್ರತಿನಿಧಿಗೂ ರಾಜಕೀಯ ಲಾಭವಿಲ್ಲ.

ಬ್ಯಾಟರಿ ಚಾಲಿತ ಯಂತ್ರಗಳು ಇದಕ್ಕೆ ಉತ್ತರ ಎನ್ನುವವರಿದ್ದಾರೆ. ಸಮತಟ್ಟಾದ ಹುಲ್ಲುಹಾಸು, ಪಕ್ಕದಲ್ಲೇ ವಿದ್ಯುತ್ ಇರುವ ನಗರದ ಆವರಣಗಳಿಗೆ ಆ ಮಾತು ಒಪ್ಪುತ್ತದೆ. ಗುಡ್ಡದ ತೋಟದಲ್ಲಿ ದಿನವಿಡೀ ಕೆಲಸ ಮಾಡುವವನಿಗೆ ಎರಡು–ಮೂರು ಬ್ಯಾಟರಿ ಬೇಕು. ಬ್ಯಾಟರಿ ಸತ್ತರೆ ಅದರ ಬದಲಿ ವೆಚ್ಚ ಯಾವ ಕಾರ್ಬುರೇಟರ್‌ಗಿಂತಲೂ ಹೆಚ್ಚು.

ಸದ್ಯಕ್ಕೆ ಉಳಿದಿರುವುದು ಬಳಕೆದಾರನ ಎಚ್ಚರ ಮಾತ್ರ. ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತರುವುದು, ಹಂಗಾಮು ಮುಗಿದಾಗ ಟ್ಯಾಂಕ್ ಬರಿದು ಮಾಡಿ ಕಾರ್ಬುರೇಟರ್‌ನಲ್ಲಿರುವ ಇಂಧನ ತೀರುವವರೆಗೆ ಎಂಜಿನ್ ಓಡಿಸುವುದು, ಕ್ಯಾನಿನ ಮುಚ್ಚಳ ಬಿಗಿಯಾಗಿಡುವುದು. ಇದಿಷ್ಟು ಮಾಡಿದರೂ ಬಿಲ್ ಪೂರ್ತಿ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ. ಹೊಸ ಯಂತ್ರ ಕೊಳ್ಳುವವರು ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳುವುದು ಲೇಸು: ಇದು ಇ20ಕ್ಕೆ ಒಗ್ಗುತ್ತದೆ ಎಂದು ಕೈಪಿಡಿಯಲ್ಲಿ ಬರೆದಿದೆಯೇ, ಬಿಡಿಭಾಗ ಯಾವ ಊರಿನಲ್ಲಿ ಸಿಗುತ್ತದೆ? ಜೊತೆಗೆ ವಾರಂಟಿ ಕಾರ್ಡ್‌ನ ಹಿಂಬದಿಯನ್ನೂ ಓದಬೇಕು. ಪ್ಲಗ್, ಫಿಲ್ಟರ್, ಡಯಾಫ್ರಂನಂತಹ ಸವೆಯುವ ಭಾಗಗಳು ಹಾಗೂ ಸೂಚಿಸದ ಇಂಧನದಿಂದಾಗುವ ಹಾನಿ ಸಾಮಾನ್ಯವಾಗಿ ವಾರಂಟಿಗೆ ಹೊರತು ಎಂಬ ಸಾಲು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ.