ಮೋಡದ ಚುಕ್ಕಾಣಿ ಯಾರ ಕೈಗೆ?

2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಹಾಯ್ದ ವಾಯುಭಾರ ಕುಸಿತ ಅಂದೇ ಹೈದರಾಬಾದಿನ ಬಡಾವಣೆಗಳನ್ನು ಮುಳುಗಿಸಿತು. ಅಲ್ಲಿಂದ ಪಶ್ಚಿಮಕ್ಕೆ ಸರಿದು ಉತ್ತರ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಸುರಿಯಿತು. ಕಲಬುರಗಿ ಜಿಲ್ಲೆಯ ಭೀಮಾ ತೀರದ ಹಳ್ಳಿಗಳಿಗೂ ನೀರು ನುಗ್ಗಿತು. ಇಂಥ ಮಳೆಯನ್ನು ಮೊದಲೇ ಬೇರೆಡೆಗೆ ತಿರುಗಿಸಲು ಬಂದರೆ, ತಿರುಗಿಸಬಹುದೆ?

ಗಣಿತ ಈ ಆಸೆಗೆ ಇಂಬು ಕೊಡುತ್ತಿದೆ. ಮೊದಲಲ್ಲಿ ಕಾಣದಷ್ಟು ಸಣ್ಣ ವ್ಯತ್ಯಾಸವೂ ಬೆಳೆದು ಮುಂದಿನ ಗತಿಯನ್ನೇ ಬದಲಿಸಬಲ್ಲದೆಂದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ಮೂರೇ ಸಮೀಕರಣಗಳಿಂದ ತೋರಿಸಿದರು. ಮುನ್ಸೂಚನೆಗೆ ತೊಡಕಾದ ಇದೇ ಗುಣ ನಿಯಂತ್ರಣ ಸಿದ್ಧಾಂತಕ್ಕೆ ವರ: ಸರಿಯಾದ ಗಳಿಗೆಯಲ್ಲಿ ಒಂದು ಸಣ್ಣ ನೂಕು ಸಾಕು. 2022ರಲ್ಲಿ ಸಂಶೋಧಕರಾದ ತಕೆಮಾಸಾ ಮಿಯೋಶಿ ಮತ್ತು ಕಿವೆನ್ ಸುನ್ ಲೊರೆಂಜರ ಅದೇ ಮಾದರಿಯ ಚಿಟ್ಟೆಯಾಕಾರದ ಪಥವನ್ನು ಸಣ್ಣ ನೂಕುಗಳಿಂದ ಒಂದೇ ರೆಕ್ಕೆಯಲ್ಲಿ ಉಳಿಸಿ ತೋರಿಸಿದರು. ಆದರೆ ಅದು ಕಂಪ್ಯೂಟರಿನೊಳಗಿನ ಮಾತು.

ನೆಲದ ಮೇಲಿನ ನಿಯಂತ್ರಣವನ್ನು ಹೈದರಾಬಾದ್ ಬಲ್ಲದು. 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಪ್ರವಾಹ ಸಾವಿರಾರು ಜನರನ್ನು ಬಲಿ ಪಡೆಯಿತು. ಅಫ್ಜಲ್‌ಗಂಜಿನ ಒಂದು ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಮರುವರ್ಷ ನಿಜಾಮರ ಕರೆಗೆ ಓಗೊಟ್ಟು ಬಂದ ಎಂ. ವಿಶ್ವೇಶ್ವರಯ್ಯನವರು ನೀರನ್ನು ಊರಿನ ಮೇಲ್ಗಡೆಯೇ ಹಿಡಿದು ನಿಧಾನವಾಗಿ ಬಿಡುವ ಯೋಜನೆ ಕೊಟ್ಟರು. ಅದರಂತೆ ಉಸ್ಮಾನ್ ಸಾಗರ ಜಲಾಶಯ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಇಲ್ಲಿ ಮಟ್ಟ ನೋಡಿ ಗೇಟು ಎತ್ತುತ್ತಾರೆ, ಮತ್ತೆ ಮಟ್ಟ ನೋಡುತ್ತಾರೆ. ಗೇಟು ತಡವಾಗಿ ತೆರೆದರೆ ಯಾರನ್ನು ಕೇಳಬೇಕೆಂಬುದು ಕೆಳಗಿನ ಬಸ್ತಿಯವರಿಗೆ ಗೊತ್ತು.

ಆಕಾಶದಲ್ಲಿ ಈ ಲೆಕ್ಕ ಸಿಗದು. ನೂಕಿದ ಮೇಲೆ, ನೂಕದಿದ್ದರೆ ಏನಾಗುತ್ತಿತ್ತೆಂದು ತಾಳೆ ನೋಡಲು ಇನ್ನೊಂದು ಆಕಾಶವಿಲ್ಲ. ಸಣ್ಣ ನೂಕಿಗೆ ಬಲ ಕೊಡುವ ಗುಣವೇ ನೂಕಿದವರ ಹೊಣೆಯನ್ನು ಮರೆಮಾಚುತ್ತದೆ. ಹೈದರಾಬಾದಿನಿಂದ ತಿರುಗಿಸಿದ ಮಳೆ ಕಲಬುರಗಿ ಜಿಲ್ಲೆಯ ಅಫಜಲಪುರದ ತೊಗರಿ ಹೊಲವನ್ನು ಮುಳುಗಿಸಿದರೆ, ರೈತ ಪುರಾವೆಯನ್ನು ಎಲ್ಲಿಂದ ತರಬೇಕು?

ಕೋಟಿ ಜನರ ನಗರ ಉಳಿಯುವುದಾದರೆ ಹಳ್ಳಿಯ ನಷ್ಟವನ್ನು ಸಹಿಸಬೇಕೆಂಬ ವಾದವುಂಟು. ಆದರೆ ಆ ನಷ್ಟವನ್ನು ಹಳ್ಳಿ ಆರಿಸಿಕೊಂಡದ್ದಲ್ಲ. ಕಾನೂನೂ ಅದರ ನೆರವಿಗೆ ಬಾರದು: 1978ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಹವಾಮಾನವನ್ನು ಯುದ್ಧಾಸ್ತ್ರವಾಗಿಸುವುದನ್ನಷ್ಟೇ ನಿಷೇಧಿಸಿದೆ, ಶಾಂತಿಯುತ ಬಳಕೆಗೆ ಅಡ್ಡಿಪಡಿಸದು.

ಸಂಶೋಧನೆ ಸಾಗಲಿ, ಎಲ್ಲಿ ನೂಕಬೇಕೆಂದು ತಿಳಿಯಲು ವಾತಾವರಣವನ್ನು ಚೆನ್ನಾಗಿ ಅಳೆಯಲೇಬೇಕು, ಅದರಿಂದ ಮುನ್ಸೂಚನೆಯೂ ಸುಧಾರಿಸುತ್ತದೆ. ಆದರೆ ಪ್ರಯೋಗ ಆಕಾಶಕ್ಕೇರುವ ಮೊದಲು ಗಾಳಿಯ ದಾರಿಯಲ್ಲಿರುವ ರಾಜ್ಯಗಳೆಲ್ಲ ಒಪ್ಪಬೇಕು. ನೂಕಿದವರೇ ನಷ್ಟ ಭರಿಸಬೇಕು, ತಾವು ಕಾರಣರಲ್ಲವೆಂದರೆ ಅದನ್ನು ಸಾಬೀತುಪಡಿಸುವ ಭಾರವೂ ಅವರದೇ ಆಗಬೇಕು. ಈ ಷರತ್ತಿಗೆ ಸಹಿ ಹಾಕಲು ಸಿದ್ಧರಿಲ್ಲದ ಸರ್ಕಾರ ಮೊದಲು ತನ್ನ ಕೆರೆ, ನಾಲಾಗಳ ಒತ್ತುವರಿ ತೆರವು ಮಾಡಲಿ.