ಕ್ರೀಡಾಂಗಣದ ದಾರಿಗೆ ಅಡ್ಡ ನಿಂತ ತಗಡಿನ ಶೆಡ್

ನಮ್ಮ ಹಾಸ್ಟೆಲಿನಲ್ಲಿ ಶನಿವಾರ ರಾತ್ರಿ ಓದುವವರು ಕಡಿಮೆ. ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯ ಶುರುವಾದರೆ ನಾಲ್ಕು ಜನ ಒಂದು ಮಂಚದ ಮೇಲೆ ಕೂತು ಒಂದೇ ಲ್ಯಾಪ್‌ಟಾಪ್‌ಗೆ ಕಣ್ಣು ನೆಡುತ್ತೇವೆ. ನನ್ನ ರೂಮ್‌ಮೇಟ್ ಟಾಟನ್‌ಹ್ಯಾಮ್ ತಂಡದ ಕಟ್ಟಾ ಅಭಿಮಾನಿ. ತಂಡ ಸೋತರೂ ಅವನಿಗೆ ಒಂದು ಸಮಾಧಾನವಿದೆ: 'ಏನೇ ಆಗಲಿ, ನಮ್ಮಂಥ ಸ್ಟೇಡಿಯಂ ಯಾರಿಗಿದೆ ಹೇಳು?' ಮಾತು ಸುಳ್ಳಲ್ಲ. 2019ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದ, ಅರವತ್ತೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಆ ಕ್ರೀಡಾಂಗಣವನ್ನು ನೋಡಿದರೆ ಯಾರಿಗಾದರೂ ಬೆರಗಾಗುತ್ತದೆ.

ಅದೇ ಜಾಗದಲ್ಲಿ ಒಂದು ಕಾಲಕ್ಕೆ ತಗಡಿನ ಕೆಲಸದ ವರ್ಕ್‌ಶಾಪ್ ಇತ್ತು, ಅದನ್ನು ತೆರವು ಮಾಡಿಸಲು ಮಂತ್ರಿಯ ಆದೇಶ, ಹೈಕೋರ್ಟ್ ತೀರ್ಪು ಎರಡೂ ಬೇಕಾದವು ಎಂದು ಹೇಳಿದಾಗ ಅವನ ಪ್ರತಿಕ್ರಿಯೆ ಹೀಗಿತ್ತು: 'ದುಡ್ಡು ಕೊಡ್ತೀವಿ ಅಂದ್ರೂ ಹೋಗಲ್ಲ ಅಂದ್ರೆ ಅದು ಹಟ ಕಣೋ.' ನಮ್ಮಲ್ಲಿ ಬಹುಪಾಲು ಜನ ಹೇಳುವುದು ಇದನ್ನೇ. ಅದು ಬರೀ ಹಟವೇ ಎಂದು ನೋಡಲು ಹೊರಟಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಶ್ರೀಮಂತರ ಬಡಾವಣೆಯಲ್ಲ. ವಲಸೆ ಬಂದ ಅನೇಕ ದೇಶಗಳ ಜನ, ಸಣ್ಣ ಅಂಗಡಿಗಳು, ಗ್ಯಾರೇಜುಗಳು, ನಿರುದ್ಯೋಗ ಎಲ್ಲ ಸೇರಿದ ಪ್ರದೇಶ. ಅದರ ನಡುವೆ 1899ರಿಂದ ಕ್ಲಬ್ಬಿನ ಹಳೆಯ ಮೈದಾನ ವೈಟ್ ಹಾರ್ಟ್ ಲೇನ್ ಇತ್ತು. ಅಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂವತ್ತಾರು ಸಾವಿರ ಜನ. ಅದೇ ಊರಿನ ಬದ್ಧ ವೈರಿ ಆರ್ಸೆನಲ್ 2006ರಲ್ಲಿ ಅರವತ್ತು ಸಾವಿರ ಆಸನಗಳ ಹೊಸ ಮೈದಾನಕ್ಕೆ ಹೋಗಿಬಿಟ್ಟಿತು. ಒಂದೊಂದು ಪಂದ್ಯಕ್ಕೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಟಿಕೆಟ್‌ಗಳ ವ್ಯತ್ಯಾಸವೆಂದರೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಆ ಹಣದಿಂದಲೇ ಆಟಗಾರರನ್ನು ಕೊಳ್ಳಬೇಕು. ಹಾಗಾಗಿ ಕ್ಲಬ್ಬಿಗೆ ದೊಡ್ಡ ಮೈದಾನ ಬೇಕಿತ್ತು ಎನ್ನುವುದರಲ್ಲಿ ತಕರಾರಿಲ್ಲ.

ಹಳೆಯ ಮೈದಾನಕ್ಕೆ ಅಂಟಿಕೊಂಡಂತೆಯೇ ಹೊಸದನ್ನು ಕಟ್ಟುವ ಯೋಜನೆಗೆ ಸ್ಥಳೀಯ ಆಡಳಿತವಾದ ಹ್ಯಾರಿಂಗೇ ಕೌನ್ಸಿಲ್ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಕೌನ್ಸಿಲ್ ಎಂದರೆ ನಮ್ಮ ಮಹಾನಗರ ಪಾಲಿಕೆ ಇದ್ದ ಹಾಗೆ. ಮೈದಾನದ ಉತ್ತರಕ್ಕಿದ್ದ ಪ್ಯಾಕ್ಸ್‌ಟನ್ ರಸ್ತೆಯ ಸುತ್ತಮುತ್ತಲಿನ ಆಸ್ತಿಗಳನ್ನು ಕ್ಲಬ್ ಒಂದೊಂದಾಗಿ ಕೊಂಡುಕೊಂಡಿತು. ಹತ್ತಾರು ವ್ಯಾಪಾರಿಗಳು ಮಾತುಕತೆಯಲ್ಲಿ ಒಪ್ಪಿ ಜಾಗ ಬಿಟ್ಟರು. ಕೊನೆಗೆ ಉಳಿದದ್ದು ಆರ್ಚ್‌ವೇ ಶೀಟ್ ಮೆಟಲ್ ವರ್ಕ್ಸ್ ಎಂಬ ಒಂದು ಕುಟುಂಬದ ಉದ್ಯಮ.

ಇಲ್ಲಿಂದ ಕಾನೂನು ಪ್ರವೇಶಿಸುತ್ತದೆ. ಇಂಗ್ಲೆಂಡಿನಲ್ಲಿ 'ಕಂಪಲ್ಸರಿ ಪರ್ಚೇಸ್ ಆರ್ಡರ್' ಎಂಬ ಅಸ್ತ್ರವಿದೆ. ಕಡ್ಡಾಯ ಖರೀದಿ ಆದೇಶ ಎನ್ನಬಹುದು. ಮಾಲೀಕ ಮಾರಲು ಒಪ್ಪದಿದ್ದರೂ ಕೌನ್ಸಿಲ್ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಆದರೆ ಅದರಿಂದ ಬಲವಾದ ಸಾರ್ವಜನಿಕ ಹಿತ ಸಾಧನೆಯಾಗುತ್ತದೆ ಎಂದು ತೋರಿಸಬೇಕು. ಆಕ್ಷೇಪ ಬಂದರೆ ಸರ್ಕಾರ ನೇಮಿಸಿದ ಇನ್‌ಸ್ಪೆಕ್ಟರ್ ವಿಚಾರಣೆ ನಡೆಸುತ್ತಾರೆ, ಕೊನೆಯ ಮಾತು ಮಂತ್ರಿಯದು. ಅದಾದ ಮೇಲೆ ಕೋರ್ಟಿಗೆ ಹೋಗಬಹುದು. ಆದರೆ ಕೋರ್ಟು ನೋಡುವುದು ಆದೇಶ ಕಾನೂನುಬದ್ಧವೇ ಎಂಬುದನ್ನು ಮಾತ್ರ. 'ಈ ಯೋಜನೆ ಒಳ್ಳೆಯದೇ' ಎಂದು ಅದು ಕೇಳುವುದಿಲ್ಲ. ಈ ವ್ಯತ್ಯಾಸ ಸಣ್ಣದೆಂದು ತೋರಿದರೂ ಸಣ್ಣ ಉದ್ಯಮಿಗಳು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

ಆರ್ಚ್‌ವೇ ವಿಷಯದಲ್ಲಿ ನಡೆದದ್ದೂ ಅದೇ. 2014ರ ಜುಲೈನಲ್ಲಿ ಆಗಿನ ಮಂತ್ರಿ ಎರಿಕ್ ಪಿಕಲ್ಸ್ ಆದೇಶವನ್ನು ಖಾಯಂ ಮಾಡಿದರು. ಉದ್ಯಮ ಹೈಕೋರ್ಟ್ ಮೆಟ್ಟಿಲೇರಿತು. ಪ್ರಕರಣ ಬಾಕಿ ಇರುವಾಗಲೇ, ನವೆಂಬರಿನ ಒಂದು ದಿನ, ವರ್ಕ್‌ಶಾಪಿಗೆ ಬೆಂಕಿ ಬಿತ್ತು. ಪೊಲೀಸರು ತನಿಖೆ ಮಾಡಿದರು. ಅಭಿಮಾನಿಗಳ ಕಡೆ ಬೆರಳು ತೋರಿಸಿದವರಿದ್ದರು, ಏನೇನೋ ಕಥೆ ಕಟ್ಟಿದವರೂ ಇದ್ದರು. ಆಧಾರವಿಲ್ಲದೆ ಆ ಬೆಂಕಿಯನ್ನು ಯಾರ ತಲೆಗಾದರೂ ಕಟ್ಟುವುದು ತಪ್ಪು. 2015ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಡವ್ ಅರ್ಜಿಯನ್ನು ವಜಾ ಮಾಡಿದರು. ಮೇಲ್ಮನವಿಗೆ ಹೋಗದೆ ಆರ್ಚ್‌ವೇ ಜಾಗ ಬಿಟ್ಟಿತು. ಇತ್ತ 2017ಕ್ಕೆ ತೆರೆಯಬೇಕಿದ್ದ ಕ್ರೀಡಾಂಗಣ ಮುಂದಕ್ಕೆ ಹೋಯಿತು, ತಂಡ ವೆಂಬ್ಲಿಯಲ್ಲಿ ಬಾಡಿಗೆಗೆ ಆಡಬೇಕಾಯಿತು. 'ಒಂದು ಶೆಡ್‌ನಿಂದ ನಮ್ಮ ತಂಡ ಬೀದಿಗೆ ಬಿತ್ತು' ಎಂದು ಆಗ ಬೈದವರು ಸಾಕಷ್ಟು ಮಂದಿ.

ಹಟವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. ನನ್ನ ಅಭಿಪ್ರಾಯ ಬದಲಾದದ್ದೂ ಅಲ್ಲಿಯೇ.

ಇಂಥ ದೊಡ್ಡ ಯೋಜನೆಗೆ ಅನುಮತಿ ಕೊಡುವಾಗ ಕೌನ್ಸಿಲ್ ಕೆಲವು ಷರತ್ತು ಹಾಕುತ್ತದೆ: ರಸ್ತೆ, ಸಾರಿಗೆ ಮುಂತಾದವಕ್ಕೆ ಹಣ ಕೊಡಬೇಕು, ಕಟ್ಟುವ ಮನೆಗಳಲ್ಲಿ ಇಂತಿಷ್ಟು ಭಾಗ ಸಾಮಾನ್ಯ ಜನರ ಕೈಗೆಟಕುವ ಬೆಲೆಯವಾಗಿರಬೇಕು, ಹೀಗೆ. ಟಾಟನ್‌ಹ್ಯಾಮ್ ಯೋಜನೆಗೆ ಮೊದಲು ಒಪ್ಪಿಕೊಂಡಿದ್ದು ಸುಮಾರು 1.6 ಕೋಟಿ ಪೌಂಡ್ ಮತ್ತು ಇನ್ನೂರು ಮನೆಗಳಲ್ಲಿ ಅರ್ಧದಷ್ಟು ಅಗ್ಗದ ಮನೆಗಳು. 2011ರ ಆರಂಭದಲ್ಲಿ ಕ್ಲಬ್ ತನ್ನೂರನ್ನೇ ಬಿಟ್ಟು ಪೂರ್ವ ಲಂಡನ್ನಿನ ಒಲಿಂಪಿಕ್ ಕ್ರೀಡಾಂಗಣದ ಜಾಗಕ್ಕೆ ಹೋಗಲು ಪ್ರಯತ್ನಿಸಿತು. ಅದು ವೆಸ್ಟ್ ಹ್ಯಾಮ್ ಪಾಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಬಲಿಯಾದ ಬಳಿಕ ಟಾಟನ್‌ಹ್ಯಾಮ್ ಹೊತ್ತಿ ಉರಿಯಿತು, ಗಲಭೆ ಇಂಗ್ಲೆಂಡಿನ ಬೇರೆ ನಗರಗಳಿಗೂ ಹಬ್ಬಿತು. ಸುಟ್ಟ ಬೀದಿಗಳ ನಡುವೆ ಕೂತಿದ್ದ ಕೌನ್ಸಿಲ್‌ಗೆ ಆಗ ಕೈಯಲ್ಲಿದ್ದ ಒಂದೇ ದೊಡ್ಡ ಆಸೆ ಈ ಕ್ರೀಡಾಂಗಣ. ಕ್ಲಬ್ 'ಈ ಷರತ್ತುಗಳಿದ್ದರೆ ಯೋಜನೆ ಗಿಟ್ಟುವುದಿಲ್ಲ' ಎಂದಾಗ, 2012ರಲ್ಲಿ ಷರತ್ತುಗಳು ಸಡಿಲವಾದವು. 1.6 ಕೋಟಿ ಪೌಂಡ್ ಇಳಿದು ಐದು ಲಕ್ಷಕ್ಕಿಂತ ಕಡಿಮೆಯಾಯಿತು. ಮನೆಗಳ ಸಂಖ್ಯೆ 285ಕ್ಕೆ ಏರಿತು, ಅದರಲ್ಲಿ ಅಗ್ಗದ ಮನೆ ಒಂದೂ ಇರಲಿಲ್ಲ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. 2012ರಲ್ಲಿ, 'ಯೋಜನೆಯಿಂದ ಲಾಭವಿಲ್ಲ, ಆದ್ದರಿಂದ ಸಾರ್ವಜನಿಕರಿಗೆ ಕೊಡಬೇಕಾದ್ದನ್ನು ಕಡಿಮೆ ಮಾಡಿ.' 2014ರಲ್ಲಿ, 'ಯೋಜನೆಯಿಂದ ಸಾರ್ವಜನಿಕರಿಗೆ ಅಪಾರ ಲಾಭವಿದೆ, ಆದ್ದರಿಂದ ಈ ವರ್ಕ್‌ಶಾಪನ್ನು ಬಿಡಿಸಿಕೊಡಿ.' ಎರಡು ಮಾತೂ ಒಂದೇ ಯೋಜನೆಯ ಬಗ್ಗೆ. ಕಾನೂನಿನ ಪ್ರಕಾರ ಎರಡೂ ಸರಿಯಿರಬಹುದು, ಮಂತ್ರಿ ಮತ್ತು ಕೋರ್ಟು ಸರಿಯೆಂದೇ ಹೇಳಿದರು. ಆದರೆ ಸಾರ್ವಜನಿಕ ಹಿತಕ್ಕಾಗಿ ತನ್ನ ಜಾಗ ಬಿಡಬೇಕಾದವನಿಗೆ 'ಆ ಹಿತದ ಪಟ್ಟಿಯಲ್ಲಿ ಇನ್ನು ಏನೇನು ಉಳಿದಿದೆ' ಎಂದು ಕೇಳುವ ಹಕ್ಕಿದೆ. ಅದನ್ನು ಕೇಳಿದವನನ್ನು ಹಟಮಾರಿ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಯೋಜನೆಯಿಂದ ಒಳ್ಳೆಯದೇನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಕ್ಕದಲ್ಲಿ ಸೂಪರ್‌ಮಾರ್ಕೆಟ್ ಬಂತು. ಅದೇ ಕಟ್ಟಡದ ಸಮುಚ್ಚಯದಲ್ಲಿ 2017ರಲ್ಲಿ ನಮ್ಮ ಪಿಯುಸಿಗೆ ಸಮನಾದ ತರಗತಿಗಳ ಒಂದು ಒಳ್ಳೆಯ ಕಾಲೇಜು ಶುರುವಾಯಿತು. ಪಂದ್ಯದ ದಿನ ಸಾವಿರಾರು ಜನರಿಗೆ ಕೆಲಸ ಸಿಗುತ್ತದೆ. ಅಮೆರಿಕನ್ ಫುಟ್‌ಬಾಲ್, ಸಂಗೀತ ಕಛೇರಿ ಎಂದು ವರ್ಷವಿಡೀ ಜನ ಬರುತ್ತಾರೆ. ಆದರೆ ಪಂದ್ಯದ ದಿನ ತಿಂಡಿ ಕೌಂಟರಿನಲ್ಲಿ ನಿಲ್ಲುವ ಕೆಲಸವೂ ವರ್ಷವಿಡೀ ತಗಡು ಬಗ್ಗಿಸಿ ಬೆಸೆಯುವ ಕೆಲಸವೂ ಒಂದೇ ಅಲ್ಲ. ಎರಡನೆಯದರಲ್ಲಿ ಕಸುಬಿದೆ, ಅದನ್ನು ಕಲಿತವನಿಗೆ ಇನ್ನೊಂದು ಊರಿನಲ್ಲೂ ಅನ್ನ ಹುಟ್ಟುತ್ತದೆ. 'ಇಷ್ಟು ಸಾವಿರ ಉದ್ಯೋಗ' ಎಂಬ ಘೋಷಣೆ ಬಂದಾಗಲೆಲ್ಲ ನಮ್ಮಂಥ ಕೆಲಸ ಹುಡುಕುವವರು ಕೇಳಬೇಕಾದದ್ದು ಎಂಥ ಉದ್ಯೋಗ ಎಂದು.

ಪರಿಹಾರದ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಕಾನೂನು ಈ ವಿಷಯದಲ್ಲಿ ಪರವಾಗಿಲ್ಲ. ಜಾಗದ ಮಾರುಕಟ್ಟೆ ಬೆಲೆಯ ಜೊತೆಗೆ ಸ್ಥಳಾಂತರದ ಖರ್ಚು, ವ್ಯಾಪಾರಕ್ಕಾದ ನಷ್ಟ ಇವನ್ನೂ ಲೆಕ್ಕ ಹಾಕಬೇಕು, ಬಾಡಿಗೆದಾರರಿಗೂ ಹಕ್ಕುಂಟು. ಆದರೆ ಬೆಲೆ ಕಟ್ಟುವಾಗ, ಯೋಜನೆಯೇ ಇಲ್ಲದಿದ್ದರೆ ಆ ಜಾಗಕ್ಕೆ ಎಷ್ಟು ಬೆಲೆ ಬರುತ್ತಿತ್ತು ಎಂದು ನೋಡುತ್ತಾರೆ. ಕ್ರೀಡಾಂಗಣದಿಂದ ಬೆಲೆ ಹತ್ತು ಪಟ್ಟು ಏರಿದರೂ ಆ ಏರಿಕೆ ಹಳೆಯ ಮಾಲೀಕನಿಗೆ ಸೇರುವುದಿಲ್ಲ.

ಇದನ್ನು ಓದುವಾಗ ನನ್ನ ಚಿಕ್ಕಪ್ಪ ನೆನಪಾದರು. ನಮ್ಮೂರಿನ ಬಸ್ ನಿಲ್ದಾಣದ ಹತ್ತಿರ ಅವರದೊಂದು ವೆಲ್ಡಿಂಗ್ ಅಂಗಡಿ ಇತ್ತು. ರಸ್ತೆ ಅಗಲ ಮಾಡುವಾಗ ಕಟ್ಟಡದ ಮುಂಭಾಗ ಹೋಯಿತು. ಪರಿಹಾರ ಬಂದದ್ದು ಕಟ್ಟಡದ ಮಾಲೀಕರಿಗೆ, ಬಾಡಿಗೆಗಿದ್ದ ಚಿಕ್ಕಪ್ಪನಿಗೆ ಸಿಕ್ಕಿದ್ದು ಅಡ್ವಾನ್ಸ್ ವಾಪಸ್. ಊರಾಚೆ ಇನ್ನೊಂದು ಶೆಡ್ ಹಿಡಿದರು. ಮೆಷಿನು ಹೋಯಿತು, ಗಿರಾಕಿ ಹೋಗಲಿಲ್ಲ. 'ಟ್ರ್ಯಾಕ್ಟರ್‌ನವನು ಟೀ ಕುಡಿಯೋಕೆ ಬಂದವನು ಹಾಗೇ ಟ್ರೇಲರ್ ಕೊಂಡಿ ಬೆಸೆಸ್ಕೊಂಡು ಹೋಗ್ತಿದ್ದ ಕಣಪ್ಪಾ, ಮೂರು ಕಿಲೋಮೀಟರ್ ಅದಕ್ಕೇ ಅಂತ ಯಾರು ಬರ್ತಾರೆ?' ಎನ್ನುತ್ತಾರೆ ಈಗಲೂ. ರಸ್ತೆ ಬೇಡ ಎಂದು ಚಿಕ್ಕಪ್ಪ ಯಾವತ್ತೂ ಹೇಳಿದವರಲ್ಲ. ರಸ್ತೆಯಾದರೂ ಎಲ್ಲರಿಗೂ ಸೇರಿದ್ದು, ಕ್ರೀಡಾಂಗಣ ಒಂದು ಖಾಸಗಿ ಕಂಪನಿಯದು.

ಖಾಸಗಿಯವರಿಗಾಗಿ ಸರ್ಕಾರ ಜಾಗ ತೆಗೆದುಕೊಡುವುದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಈ ಅಧಿಕಾರ ಬೆಳೆದದ್ದೇ ರೈಲು ಕಂಪನಿಗಳ ಕಾಲದಲ್ಲಿ. ಭಾರತಕ್ಕೆ ಬ್ರಿಟಿಷರು ತಂದ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಕಂಪನಿಗಳಿಗಾಗಿ ಭೂಮಿ ಪಡೆಯಲು ಒಂದು ಪ್ರತ್ಯೇಕ ಭಾಗವೇ ಇತ್ತು. ಅದನ್ನು ನಾವು ನೂರಕ್ಕೂ ಹೆಚ್ಚು ವರ್ಷ ಇಟ್ಟುಕೊಂಡೆವು. 2013ರ ಹೊಸ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಯಿತು: ಖಾಸಗಿ ಕಂಪನಿಗಾಗಿ ಭೂಮಿ ಪಡೆಯುವುದಾದರೆ ಭೂಮಿ ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇ 80ರಷ್ಟು, ಸರ್ಕಾರ-ಖಾಸಗಿ ಸಹಭಾಗಿತ್ವವಾದರೆ ಶೇ 70ರಷ್ಟು ಒಪ್ಪಿಗೆ ಬೇಕು. ಇಂಥ ಒಪ್ಪಿಗೆಯ ಷರತ್ತು ಇಂಗ್ಲೆಂಡಿನ ಕಡ್ಡಾಯ ಖರೀದಿಯಲ್ಲಿ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಶೇಕಡಾವಾರುಗಳನ್ನು ಬಾಯಿಪಾಠ ಮಾಡಿರುತ್ತೀರಿ. ಆದರೆ ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಭೂಮಿ ಪಡೆಯುವುದು ಹೆಚ್ಚಾಗಿ 1966ರ ಕೆಐಎಡಿ ಕಾಯ್ದೆಯಡಿ, ಅದರಲ್ಲಿ ಈ ಒಪ್ಪಿಗೆಯ ಷರತ್ತು ಇಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತದ್ದು, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಡುವುದಾಗಿ ಹೇಳಿದ್ದು ನೆನಪಿರಬಹುದು. ಅಲ್ಲಿ ಹದಿಮೂರು ಹಳ್ಳಿಗಳ ಜನ ಒಟ್ಟಾಗಿದ್ದರು. ಪ್ಯಾಕ್ಸ್‌ಟನ್ ರಸ್ತೆಯಲ್ಲಿ ಕೊನೆಗೆ ಉಳಿದವರು ಒಬ್ಬರೇ.

ಲಂಡನ್ನಿನಲ್ಲೂ ಜನಬಲ ಕೆಲಸ ಮಾಡಿದ ಉದಾಹರಣೆ ಇದೆ, ಅದೂ ಫುಟ್‌ಬಾಲಿನದೇ. ಆಗ್ನೇಯ ಲಂಡನ್ನಿನ ಮಿಲ್ವಾಲ್ ಕ್ಲಬ್ಬಿನ ಮೈದಾನದ ಸುತ್ತಲಿನ ಜಾಗವನ್ನು ಒಬ್ಬ ಡೆವಲಪರ್‌ಗಾಗಿ ಕಡ್ಡಾಯವಾಗಿ ಕೊಳ್ಳಲು ಲೂಯಿಷಮ್ ಕೌನ್ಸಿಲ್ ಮುಂದಾಯಿತು. ಈ ಬಾರಿ ಜಾಗ ಕಳೆದುಕೊಳ್ಳಬೇಕಿದ್ದದ್ದು ಫುಟ್‌ಬಾಲ್ ಕ್ಲಬ್ಬು. ಅಭಿಮಾನಿಗಳು ಎದ್ದರು, ಪತ್ರಿಕೆಗಳು ಕೆದಕಿದವು, 2017ರ ಜನವರಿಯಲ್ಲಿ ಕೌನ್ಸಿಲ್ ಹಿಂದೆ ಸರಿಯಿತು. 'ನಮ್ಮ ಜಾಗ ನಮಗಿರಲಿ' ಎಂದ ಆ ಕ್ಲಬ್ಬಿನ ಅಭಿಮಾನಿಗಳನ್ನು ಹಟಮಾರಿಗಳು ಎಂದು ಕರೆದವರು ಕಡಿಮೆ. ತಗಡಿನ ಕೆಲಸದವನಿಗೆ ಹಾಡುವ ಅಭಿಮಾನಿಗಳಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಟಾಟನ್‌ಹ್ಯಾಮ್ ಕ್ರೀಡಾಂಗಣ ಆಗಬಾರದಿತ್ತೇ? ಆಗಬೇಕಿತ್ತು ಎಂದೇ ನನಗನ್ನಿಸುತ್ತದೆ. ನೂರಾರು ಕೋಟಿಯ ಯೋಜನೆಯನ್ನು ಒಬ್ಬರು ಅನಂತವಾಗಿ ತಡೆಯುವ ಅಧಿಕಾರ ಇರಬೇಕೆಂದೂ ನಾನು ಹೇಳಲಾರೆ. ನನ್ನ ತಕರಾರು ಕ್ರಮದ ಬಗ್ಗೆ. ಇನ್ನೊಬ್ಬರ ಜಾಗವನ್ನು ಬಲವಂತವಾಗಿ ತೆಗೆದುಕೊಳ್ಳುವ ಅಧಿಕಾರ ಬಳಸಿದರೆ, ಅದಕ್ಕೆ ಕಾರಣವಾಗಿ ತೋರಿಸಿದ ಮನೆ, ಹಣ, ಉದ್ಯೋಗಗಳ ಮಾತು ನಂತರ ಸಡಿಲವಾಗಬಾರದು. ಮೊದಲೇ ಸಡಿಲವಾಗಿದ್ದರೆ ಆ ಅಧಿಕಾರವೂ ಅಷ್ಟು ಸಲೀಸಾಗಿ ಸಿಗಬಾರದು. ರೂಮ್‌ಮೇಟ್‌ಗೆ ಇದನ್ನು ಹೇಳಿದೆ. 'ಆಗ ಸ್ಟೇಡಿಯಮ್ಮೇ ಆಗ್ತಿರಲಿಲ್ಲ' ಎಂದ. ಇರಬಹುದು. ಆದರೆ ಆರ್ಸೆನಲ್ ತನ್ನದನ್ನು ಕಟ್ಟಿಕೊಂಡಿತು, ಅದರ ದಾರಿಯಲ್ಲಿದ್ದ ಉದ್ಯಮಗಳೂ ಕೋರ್ಟಿಗೆ ಹೋಗಿ ಸೋತಿದ್ದವು. ವಾದ ಆ ರಾತ್ರಿ ಅಲ್ಲಿಗೇ ನಿಂತಿತು.

ಟಾಟನ್‌ಹ್ಯಾಮಿನಲ್ಲಿ ಕಥೆ ನಿಂತಿಲ್ಲ. ಕ್ರೀಡಾಂಗಣದ ಎದುರು, ಹೈ ರೋಡ್‌ನ ಆಚೆಬದಿಯನ್ನೂ ಕೆಡವಿ ಕಟ್ಟುವ ಯೋಜನೆಗೆ ಕೌನ್ಸಿಲ್ 2017ರಲ್ಲಿ ಲೆಂಡ್‌ಲೀಸ್ ಎಂಬ ದೊಡ್ಡ ಕಂಪನಿಯನ್ನು ಆರಿಸಿಕೊಂಡಿತು. ಅಲ್ಲಿ ಪೀಕಾಕ್ ಇಂಡಸ್ಟ್ರಿಯಲ್ ಎಸ್ಟೇಟ್ ಎಂಬ ಜಾಗವಿದೆ, ಸಣ್ಣ ಸಣ್ಣ ವರ್ಕ್‌ಶಾಪುಗಳದ್ದು. ಪಕ್ಕದ ಲವ್ ಲೇನ್ ವಸತಿ ಸಮುಚ್ಚಯದ ನಿವಾಸಿಗಳ ನಡುವೆ 2021ರಲ್ಲಿ ಮತದಾನ ನಡೆದು ಬಹುಮತ ಯೋಜನೆಯ ಪರ ಬಂತು. ವರ್ಕ್‌ಶಾಪಿನವರು ವಿರೋಧಿಸುತ್ತ ಬಂದಿದ್ದರು. ಅವರಿಗೆ ಆ ಮತದಾನದಲ್ಲಿ ಮತವಿರಲಿಲ್ಲ.